ಪದ್ಮಲೆಯ ಉಂಗುರದ ಹರಳು

"ಕೇಳಿರಿ ಕೇಳಿರಿ! ರಾಜಕುಮಾರಿ ಪದ್ಮಲೆಯ ಉಂಗುರಕ್ಕೆ ಒಂದು ವಜ್ರ ಬೇಕಾಗಿದೆ. ಅವಳ ಮೂರು ಒಗಟು ಬಿಡಿಸಿ, ತಕ್ಕ ಹರಳನ್ನು ಆರಿಸಿದವನಿಗೆ ಅವಳ ಕೈಹಿಡಿಯುವ ಭಾಗ್ಯ. ತಪ್ಪಿದವನಿಗೆ ಹುಣ್ಣಿಮೆಯಂದು ತಲೆದಂಡ!"

ಕೆಂಗಲ್ಲುಕೋಟೆಯ ಅರಸ ಬೊಮ್ಮರಸ ಹೀಗೆ ಡಂಗುರ ಸಾರಿಸಿದಾಗ ಬಳೆಗಾರ ಸಂಕಣ್ಣ ಬಳೆಯ ಗಂಟು ಕೆಳಗಿಟ್ಟು ಕಿವಿಗೊಟ್ಟ. ಅರಮನೆಗೆ ಬಳೆ ತೊಡಿಸಲು ಹೋದಾಗಲೆಲ್ಲ ರಾಜಕುಮಾರಿ ತೆರೆಯ ಆಚೆ ಕೂರುತ್ತಿದ್ದಳು, ಈಚೆಗೆ ಬರುತ್ತಿದ್ದದ್ದು ಕೈ ಮಾತ್ರ. ಒಮ್ಮೆ ಬಳೆ ಒಡೆದು ಅವಳ ಕೈ ಗೀರಿತ್ತು. ಇವನು ಬೈಗುಳಕ್ಕೆ ಕಾದಿದ್ದರೆ, "ನಿಮ್ಮ ಬೆರಳಿಗೇನೂ ಚುಚ್ಚಲಿಲ್ಲವಷ್ಟೆ?" ಎಂದು ಅವಳೇ ಕೇಳಿದ್ದಳು. ಅಂದಿನಿಂದ, ಮುಖವನ್ನೇ ಕಾಣದ ಹುಡುಗಿಯ ಮೇಲೆ ಸಂಕಣ್ಣನಿಗೆ ಪ್ರೀತಿ ಹುಟ್ಟಿಬಿಟ್ಟಿತ್ತು. ವಜ್ರದ ಗಂಧಗಾಳಿ ತಿಳಿಯದಿದ್ದರೂ ಅರಮನೆಗೆ ಹೊರಟೇಬಿಟ್ಟ.

ಅಲ್ಲಿ ಅವನ ಜೊತೆ ನಿಂತವರು ಇಬ್ಬರು: ಜಾಜಿಪುರದ ಯುವರಾಜ, ಮತ್ತು ಅರಮನೆಗೆ ರತ್ನ ಮಾರುವ ಶೆಟ್ಟರ ಮಗ. ತೆರೆಯ ಹಿಂದಿನಿಂದ ಪದ್ಮಲೆ ಕೇಳಿದಳು: "ತೂಕದಲ್ಲಿ ಸಮನಾದ ಅವಳಿ ಹರಳುಗಳು. ಒಂದು ತನಗೆ ಸಿಕ್ಕ ಬೆಳಕನ್ನೆಲ್ಲ ಕಣ್ಣಿಗೆ ಮರಳಿಸುತ್ತದೆ. ಇನ್ನೊಂದು ಅದನ್ನು ತಳದಿಂದ ಸೋರಲು ಬಿಡುತ್ತದೆ. ಇವುಗಳನ್ನು ಬೇರೆ ಮಾಡಿದವರು ಯಾರು?"

"ಹೆತ್ತ ಭೂಮಿತಾಯಿ!" ಎಂದ ಯುವರಾಜ ಮೀಸೆ ತಿರುವುತ್ತ. ಭಟರು ಅವನನ್ನು ಸೆರೆಮನೆಗೆ ಕರೆದೊಯ್ದರು.

ಸಂಕಣ್ಣ ಮುಂದೆ ಬಂದ. "ಒಂದೇ ಕುಲುಮೆಯ ಗಾಜಿನಲ್ಲಿ ಒಬ್ಬ ಮಾಡಿದ ಬಳೆ ಮಿಂಚುತ್ತೆ, ಇನ್ನೊಬ್ಬ ಮಾಡಿದ್ದು ಮಂಕಾಗಿರುತ್ತೆ. ಹರಳಿಗೂ ಅಷ್ಟೇ ಇರಬೇಕು. ಬೇರೆ ಮಾಡಿದ್ದು ಸಾಣೆ ಹಿಡಿದವನ ಕೈ." ಶೆಟ್ಟರ ಮಗನೂ ಅದೇ ಉತ್ತರ ಕೊಟ್ಟ.

"ಸರಿ," ಎಂದಳು ಪದ್ಮಲೆ. "ಎರಡನೆಯದು. ಹರಳಿನ ಜೊತೆಗೇ ಹುಟ್ಟಿದೆ, ಒಳಗೇ ಕೂತೆ. ಭೂತಗನ್ನಡಿ ಹಿಡಿದವನಿಗೆ ಕಾಣುತ್ತೇನೆ, ತೊಟ್ಟವಳಿಗೆ ಕಾಣುವುದೇ ಇಲ್ಲ. ಆದರೂ ನಾನಿಲ್ಲದ ಹರಳಿಗಾಗಿ ಜನ ಮನೆಮಾರು ಮಾರುತ್ತಾರೆ. ನಾನು ಯಾರು?"

ಈ ಸಲ ಮೊದಲು ಬಾಯಿ ತೆರೆದವನು ಶೆಟ್ಟರ ಮಗ. ಉತ್ತರ ಅವನ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಎದುರಿಗೆ ಕೂತ ಅರಸ ತಮ್ಮ ಅಂಗಡಿಯ ಅತಿ ದೊಡ್ಡ ಗಿರಾಕಿ! ಪಾಪ, ಹುಟ್ಟುಗುಣ ಬಿಡಲಿಲ್ಲ. "ನಮ್ಮ ಅಂಗಡಿಯ ಹರಳಿನಲ್ಲಿ ಅಂಥದ್ದೇನೂ ಇರೋದೇ ಇಲ್ಲ ಪ್ರಭು!" ಎಂದುಬಿಟ್ಟ. ಅವನೂ ಸೆರೆಮನೆಗೆ ಹೋದ.

"ಚುಕ್ಕೆ," ಎಂದ ಸಂಕಣ್ಣ. "ಬಳೆಯ ಗಾಜಿನಲ್ಲೂ ಸಣ್ಣ ಗುಳ್ಳೆ ಇರುತ್ತೆ. ಬರಿಗಣ್ಣಿಗೆ ಕಾಣದಿದ್ದರೆ ಅದನ್ನ ನಾವು ದೋಷ ಅನ್ನೋದಿಲ್ಲ."

ಮೂರನೆಯದಕ್ಕೆ ಹರಳುಗಳ ತಟ್ಟೆ ಬಂತು. "ನನ್ನ ಬೆರಳ ಮೇಲೆ ದೊಡ್ಡದು, ಅಪ್ಪನ ಬೊಕ್ಕಸಕ್ಕೆ ಚಿಕ್ಕದು. ಅದು ಯಾವುದು?"

ಸಂಕಣ್ಣನಿಗೆ ಈ ಒಗಟು ಬಗೆಹರಿಯಲಿಲ್ಲ. ತಲೆ ಹೋಗುವುದಕ್ಕಿಂತ, ಇಷ್ಟು ಹತ್ತಿರ ಬಂದು ಅವಳನ್ನು ಕಳೆದುಕೊಳ್ಳುವುದೇ ಸಂಕಟವಾಯಿತು. ನೆಲ್ಲಿಕಾಯಿ ಗಾತ್ರದ ವಜ್ರವೊಂದು ತಟ್ಟೆಯ ನಡುವೆ ಕೂತು ಕರೆಯುತ್ತಿತ್ತು. ಕೈ ಚಾಚಿದವನು ತಟ್ಟನೆ ನಿಲ್ಲಿಸಿದ. ಹೋದ ತಿಂಗಳು ತಾನೇ ತೊಡಿಸಿದ ಕೈಯಾದರೂ ಮತ್ತೆ ಹಿಡಿದು ನೋಡದೆ ಬಳೆಗಾರ ಬಳೆ ಆರಿಸುವುದಿಲ್ಲ.

"ಕೈ ಕೊಡಿ," ಎಂದ.

ಸಭೆಯಲ್ಲಿ ಗುಲ್ಲೆದ್ದಿತು. ಬೊಮ್ಮರಸ ಹುಬ್ಬು ಗಂಟಿಕ್ಕಿದ. ಆದರೆ ತೆರೆಯ ಅಂಚಿನಿಂದ ಒಂದು ಕೈ ಹೊರಬಂತು. ಸಂಕಣ್ಣ ಬೆರಳನ್ನು ಮೆಲ್ಲಗೆ ಅದುಮಿ ನೋಡಿ, ತಟ್ಟೆಯ ಮೂಲೆಯಲ್ಲಿದ್ದ ಪುಟ್ಟ ಹರಳನ್ನು ಎತ್ತಿದ.

"ಸಣ್ಣ ಬೆರಳು. ದೊಡ್ಡ ಹರಳು ಕೂರಿಸಿದರೆ ಪಕ್ಕಕ್ಕೆ ವಾಲುತ್ತೆ, ದಿನವಿಡೀ ನೆಟ್ಟಗೆ ಮಾಡ್ಕೋತಾ ಇರಬೇಕು. ಇದು ಈ ಬೆರಳಿಗೆ ತುಂಬಿದಂತೆ ಕಾಣುತ್ತೆ. ಸಾಣೆ ಚೆನ್ನಾಗಿದೆ, ಬೆಳಕು ಸೋರೋದಿಲ್ಲ. ಒಳಗೊಂದು ಚುಕ್ಕೆ ಇದ್ದರೆ ಇರಲಿ ಬಿಡಿ, ಬೊಕ್ಕಸಕ್ಕೂ ಖರ್ಚು ಕಮ್ಮಿ."

"ಅದೇ!" ಎಂದು ಪದ್ಮಲೆ ತೆರೆ ಸರಿಸಿ ಈಚೆ ಬಂದಳು. "ಉಳಿದವರು ಹರಳಿನ ಬಗ್ಗೆಯಷ್ಟೇ ಯೋಚಿಸಿದರು. ತೊಡುವವಳ ಕೈ ನೋಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ."

ಬೊಕ್ಕಸ ಉಳಿದ ಖುಷಿಗೆ ಬೊಮ್ಮರಸ ಗಹಗಹಿಸಿ ನಕ್ಕ. "ಮಗಳನ್ನಂತೂ ಗೆದ್ದೆ. ಇನ್ನೇನು ಬೇಕು, ಕೇಳು."

"ಆ ಇಬ್ಬರ ತಲೆ, ಪ್ರಭು. ಅವರ ಹೆಗಲ ಮೇಲೇ ಇರಲಿ."

ಅರಸ ಒಪ್ಪಿದ. ಹುಣ್ಣಿಮೆಯಂದು ತಲೆದಂಡದ ಬದಲು ಮದುವೆಯಾಯಿತು. ಬಿಡುಗಡೆಯಾದ ಇಬ್ಬರೂ ಹೊಟ್ಟೆ ತುಂಬ ಹೋಳಿಗೆ ತಿಂದರು. ಊರಿನ ಹೆಣ್ಣುಮಕ್ಕಳಿಗೆಲ್ಲ ನೋವಾಗದಂತೆ ಬಳೆ ತೊಡಿಸಿದ ಸಂಕಣ್ಣನ ಕೈ ಮಾತ್ರ ಅಂದು ಗಡಗಡ ನಡುಗಿ, ಉಂಗುರ ಬೆರಳಿಗೆ ಹೋಗಲೇ ಒಲ್ಲದಾಯಿತು. ಕೊನೆಗೆ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, ಪದ್ಮಲೆಯೇ ಬೆರಳನ್ನು ಉಂಗುರದೊಳಕ್ಕೆ ತೂರಿಸಿದಳು.