ಜಟ್ಟು ಹೆಂಡತಿಯನ್ನು ಕರೆಯಲು ದೋಣಿ ಹತ್ತಿದ್ದು

ಹೊಳೆ ಸಮುದ್ರ ಸೇರುವಲ್ಲಿ ಉಪ್ಪಿನಕೇರಿ ಅಂತ ಒಂದು ಊರು. ಅಲ್ಲಿ ಬೊಮ್ಮಕ್ಕ ಅಂತ ಒಬ್ಬಳು. ಗಂಡ ಇಲ್ಲ. ಒಬ್ಬನೇ ಮಗ, ಜಟ್ಟು. ಆಳು ಎತ್ತರ. ಕೆಲಸಕ್ಕೆ ಗಟ್ಟಿ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ಅದೇ ಕಷ್ಟ.

ಅವನಿಗೂ ಮದುವೆ ಆಯಿತು. ಹೊಳೆಯ ಮೇಲ್ಗಡೆಯ ಹೆಬ್ಬೈಲಿನ ಹುಡುಗಿ, ದುರ್ಗಿ. ಬರುವಾಗ ತವರಿನ ತಾಮ್ರದ ಕೊಡ ತಂದಿದ್ದಳು.

ಒಂದು ದಿನ ದುರ್ಗಿ ಅಂದಳು, "ಒಲೆ ಮೇಲೆ ಅನ್ನ ಇದೆ, ನೋಡ್ತಾ ಇರಿ. ನೀರು ತರ್ತೇನೆ."

ಜಟ್ಟು ನೋಡಿದ. ದುರ್ಗಿ ಬಂದಾಗ ಮನೆ ತುಂಬ ಹೊಗೆ.

"ನೋಡ್ತಾ ಇರಿ ಅಂದಿದ್ನಲ್ಲ!"

"ನೋಡಿದೆ. ಮೊದಲು ಬೆಳ್ಳಗಿತ್ತು. ಆಮೇಲೆ ಕೆಂಪಾಯ್ತು. ಆಮೇಲೆ ಕಪ್ಪಾಯ್ತು. ಎಲ್ಲಾ ನೋಡಿದೆ."

ಬೊಮ್ಮಕ್ಕನಿಗೆ ಸಿಟ್ಟು. ಮಗನಿಗೆ ಬೈದು ಸಾಕಾಗಿತ್ತು. ಅವತ್ತು ಸೊಸೆಗೆ ಬೈದಳು. ಮಾತಿಗೆ ಮಾತು ಬೆಳೆಯಿತು. ದುರ್ಗಿ ಕೊಡ ಎತ್ತಿ ಸೊಂಟದ ಮೇಲಿಟ್ಟಳು. ಕೊಡ ಹೊರಟಿತು ಅಂದರೆ ಹೆಣ್ಣು ತಿರುಗಿ ಬರುವುದಿಲ್ಲ ಅಂತ ಅರ್ಥ. ಜಟ್ಟು ಓಡಿ ಬಂದು ಕೊಡದ ಕಂಠ ಹಿಡಿದ. ಗಟ್ಟಿಯಾಗಿ ಹಿಡಿದ.

"ಬಿಡೋ, ಹೋಗಲಿ!" ಅಂದಳು ಬೊಮ್ಮಕ್ಕ.

ಜಟ್ಟು ಬಿಟ್ಟ.

ದುರ್ಗಿ ಅವನ ಮುಖ ಒಮ್ಮೆ ನೋಡಿದಳು. ಹೋದಳು.

ಮಳೆಗಾಲ ಕಳೆಯಿತು. ಬೊಮ್ಮಕ್ಕ ಗಂಜಿ ಬಡಿಸುವಾಗ ಮರೆತು ಮೂರು ಬಟ್ಟಲು ಇಡುತ್ತಿದ್ದಳು. ಒಂದನ್ನು ತೆಗೆದು ಒಳಗೆ ಇಡುತ್ತಿದ್ದಳು. ಕೊನೆಗೆ ದುರ್ಗಿಯ ಅಣ್ಣ ಹಮ್ಮಣ್ಣ ಹೇಳಿ ಕಳಿಸಿದ. ಜಟ್ಟು ಒಬ್ಬನೇ ದೋಣಿಯಲ್ಲಿ ಬಂದು ಕರೆಯಲಿ, ಕಳಿಸ್ತೇವೆ. ಅಷ್ಟೂ ಆಗದವನ ಮನೆಗೆ ನಮ್ಮ ಹುಡುಗಿ ಎಂತಕೆ?

ಜಟ್ಟು ದೋಣಿ ಹತ್ತಿದವನೇ ಅಲ್ಲ. ಬೊಮ್ಮಕ್ಕ ಅವನ ತಲೆಗೆ ಎಣ್ಣೆ ಹಚ್ಚಿದಳು, ಬುತ್ತಿ ಕಟ್ಟಿದಳು, ಬುದ್ಧಿ ಹೇಳಿದಳು.

"ಮಗಾ, ದೋಣಿಯಲ್ಲಿ ನಡುವೆ ಕೂತುಕೋ. ಅಲ್ಲಾಡಬೇಡ. ಬಾಯಿ ಮುಚ್ಚಿಕೊಂಡಿರು. ತಿಳೀತಾ?"

"ತಿಳೀತು."

"ಅವಳನ್ನು ಕರಕೊಂಡು ಬಾರೋ," ಅಂದಳು. ಧ್ವನಿ ಸಣ್ಣ ಆಯಿತು.

ದೋಣಿ ಪುರ್ಸು ತಾಂಡೇಲರದ್ದು. ದೋಣಿಯ ಯಜಮಾನನಿಗೆ ಅಲ್ಲಿ ತಾಂಡೇಲ ಅಂತಾರೆ. ಸಮುದ್ರ ಉಕ್ಕಿ ನೀರು ಹೊಳೆಗೆ ನುಗ್ಗುವಾಗ ಅದು ಭರತ. ಭರತ ಬಂದರೆ ದೋಣಿ ಮೇಲಕ್ಕೆ. ನೀರು ಇಳಿದರೆ ದೋಣಿ ಕೆಳಕ್ಕೆ. ಹೊಳೆ ಹೇಳಿದ ಹಾಗೆ ದೋಣಿ.

ಜಟ್ಟು ನಡುವೆ ಕೂತ. ಅಲ್ಲಾಡಲಿಲ್ಲ. ಮಂದಿ ಅವನನ್ನು ದಾಟಿ ದಾಟಿ ಹೋದರು. ಒಬ್ಬಳು ಅವನ ತೊಡೆ ಮೇಲೆ ಮೀನಿನ ಬುಟ್ಟಿ ಇಟ್ಟಳು. ಇನ್ನೊಬ್ಬಳು ಬುಟ್ಟಿಯ ಮೇಲೆ ಕೋಳಿ ಇಟ್ಟಳು. ಅಲ್ಲಾಡಲಿಲ್ಲ. ಅವನ ಕಾಲ ಹತ್ತಿರ ದೋಣಿಯ ತಳಕ್ಕೆ ಒಂದು ತೂತು, ತೂತಿಗೆ ಬಟ್ಟೆ ಸುತ್ತಿದ ಬೂಚು. ಬೂಚು ಕಳಚಿತು. ನೀರು ಬಂತು. ಜಟ್ಟು ನೋಡಿದ. ಬಾಯಿ ಮುಚ್ಚಿಕೊಂಡಿದ್ದ. ನೀರು ಹೆಬ್ಬೆರಳಿಗೆ ಬಂತು. ನೀರು ಕಾಲ ಗಂಟಿಗೆ ಬಂತು. ಕೋಳಿ ಕೂಗಿತು.

"ಅಯ್ಯಯ್ಯೋ ನೀರು!" ಅಂತ ಮಂದಿ ಎದ್ದರು.

ತಾಂಡೇಲರು ಓಡಿ ಬಂದು ಬೂಚು ಒತ್ತಿದರು. "ಎಂತಾ ಗಂಡಸೋ ನೀನು! ಕಣ್ಣು ಕಾಣೋದಿಲ್ವನೋ?"

"ಕಾಣ್ತದೆ. ಅವ್ವ ಬಾಯಿ ಮುಚ್ಚಿಕೊಂಡಿರು ಅಂದಳು."

"ದೋಣಿಯಲ್ಲಿ ನೀರು ಕಂಡರೆ ನೀರು ನೀರು ಅಂತ ಕೂಗಬೇಕು! ತೋಡಿ ತೋಡಿ ಹೊರಗೆ ಚೆಲ್ಲಬೇಕು! ತಿಳೀತಾ?"

"ತಿಳೀತು."

ದೋಣಿ ಹೋಯಿತು. ಬಿಸಿಲು ಏರಿತು. ಆ ಕಡೆ ಹೊಳೆಯ ನೀರು ಉಪ್ಪು. ಅದಕ್ಕೇ ಎಲ್ಲರಿಗೂ ಅಂತ ಮೂಲೆಯಲ್ಲಿ ಒಂದು ಮಡಕೆ ಸಿಹಿನೀರು. ಒಬ್ಬ ಮುದುಕಿ, ಸಾತಜ್ಜಿ, ಬಾಯಾರಿ ಮಡಕೆಯ ಮುಚ್ಚಳ ತೆಗೆದಳು.

ಜಟ್ಟು ಕಂಡ.

"ನೀರು! ನೀರು!"

ಮಡಕೆ ಎತ್ತಿದ. ಹೊಳೆಗೆ ಬೋರಲು ಹಾಕಿದ. ಒಂದು ಹನಿಯೂ ಉಳಿಯಲಿಲ್ಲ.

"ನಿನ್ನ ಕೈಗೆ ಹಾವು ಕಚ್ಚ!" ಅಂದಳು ಸಾತಜ್ಜಿ. "ಕುಡಿಯೋ ನೀರಲ್ಲನಾ ಅದು!"

"ದೋಣಿಯಲ್ಲೇ ಇತ್ತು ಅಜ್ಜೀ."

"ಉಪ್ಪೋ ಸಿಹಿಯೋ ನೋಡಬಾರದನಾ? ಯಾವುದೇ ಇರಲಿ, ಮೊದಲು ಬಾಯಿಗೆ ಹಾಕಿ ನೋಡಬೇಕು. ಆಮೇಲೆ ಮುಂದಿನ ಮಾತು. ತಿಳೀತಾ?"

"ತಿಳೀತು."

ಮಧ್ಯಾಹ್ನ ಭರತ ಮುಗಿಯಿತು. ನೀರು ಇಳಿಯಿತು. ದೋಣಿ ಮರಳ ದಿಬ್ಬಕ್ಕೆ ತಾಗಿ ನಿಂತಿತು. ಇನ್ನು ಮತ್ತೆ ನೀರು ಏರುವ ತನಕ ಕಾಯಬೇಕು. ಮಂದಿ ಇಳಿದರು. ಬುತ್ತಿ ಬಿಚ್ಚಿದರು. ಜಟ್ಟು ಬಂದ. ಒಬ್ಬರ ಗಂಜಿಗೆ ಬೆರಳು ಅದ್ದಿ ನೆಕ್ಕಿದ. ಇನ್ನೊಬ್ಬರ ಸಾರಿಗೆ ಬೆರಳು ಅದ್ದಿ ನೆಕ್ಕಿದ. ಸಾತಜ್ಜಿಯ ಹುರಿದ ಬಂಗಡೆಯ ತಲೆ ಮುರಿದು ಬಾಯಿಗಿಟ್ಟ. ಕೊನೆಗೆ ದೋಣಿಗೆ ಬಳಿಯುವ ಮೀನೆಣ್ಣೆಯ ಡಬ್ಬಿಗೂ ಬೆರಳು ಹಾಕಿದ. ಅದನ್ನೂ ನೆಕ್ಕಿದ. ಮುಖ ಗಂಟಾಯಿತು.

ಗಂಡಸರು ಹೊಟ್ಟೆ ಹಿಡಿದು ನಕ್ಕರು. ನಾನು ಕತೆ ಹೇಳುತ್ತಾ ಈ ಜಾಗಕ್ಕೆ ಬಂದಾಗ ನಮ್ಮ ಮನೆಯವಳೂ ನಗುತ್ತಿದ್ದಳು. ಇರಲಿ.

ಸಾತಜ್ಜಿ ನಗಲಿಲ್ಲ. ಅವಳ ಮೀನಿಗೆ ತಲೆ ಇರಲಿಲ್ಲ.

"ತಮ್ಮಾ, ನಿನ್ನದನ್ನು ಮಾತ್ರ ಮುಟ್ಟು. ಮಂದಿಯದ್ದು ಎದುರಿಗೇ ಬಿದ್ದಿದ್ದರೂ ಮುಟ್ಟಬೇಡ. ಕೈ ಹಿಂದೆ ಕಟ್ಟಿಕೊಂಡು ನಿಂತಿರು. ತಿಳೀತಾ?"

"ತಿಳೀತು."

ಬಿಸಿಲು ಬಾಡಿತು. ನೀರು ಮತ್ತೆ ಏರಿತು. ಮಂದಿ ದೋಣಿ ಹತ್ತಿದರು. ಸಾತಜ್ಜಿ ಕಾಲು ಜಾರಿ ಕೆಸರಿಗೆ ಬಿದ್ದಳು. ಸರಿಯಾಗಿ ಜಟ್ಟುವಿನ ಎದುರಿಗೇ.

"ಎತ್ತೋ! ಎತ್ತೋ ಮಾರಾಯ!"

ಜಟ್ಟು ಕೈ ಹಿಂದೆ ಕಟ್ಟಿಕೊಂಡ.

"ನೀನು ನನ್ನದಲ್ಲ ಅಜ್ಜೀ."

ತಾಂಡೇಲರೇ ಇಳಿದು ಎತ್ತಿದರು. ಮೊಣಕಾಲ ತನಕ ಕೆಸರು ಮೆತ್ತಿಕೊಂಡ ಸಾತಜ್ಜಿ ಉಸಿರು ಬಿಟ್ಟಳು. ಬೈಯುವಷ್ಟು ಬಲ ಇರಲಿಲ್ಲ. ಮೆಲ್ಲಗೆ ಕೇಳಿದಳು, "ಎಲ್ಲಿಗೆ ಹೊರಟಿದ್ದೀಯೋ?"

"ಹೆಂಡತಿಯನ್ನು ಕರೆಯಲಿಕ್ಕೆ."

ಸಾತಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯೋ ತಮ್ಮಾ. ಹಾಗಾದರೆ ಒಂದು ಮಾತು ಕೇಳು. ದೋಣಿ ನಿಲ್ಲುವ ಧಕ್ಕೆಯಲ್ಲಿ ಹೆಂಗಸು ಕಂಡರೆ ಹಾಗೇ ನಿಲ್ಲಬೇಡ. ಎತ್ತಿ ಮೇಲೆ ದಾಟಿಸಬೇಕು. ತಿಳೀತಾ?"

"ತಿಳೀತು."

ಹೆಬ್ಬೈಲಿನ ಧಕ್ಕೆ ಬಂತು. ಜಟ್ಟು ಇಳಿದ. ಅಲ್ಲಿ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಜಟ್ಟು ಎತ್ತಿದ. ಹೆಗಲ ಮೇಲೆ ಹಾಕಿದ. ದಿಬ್ಬ ಹತ್ತಿದ.

"ಇಳಿಸೋ! ಯಾರೋ ನೀನು! ಹಮ್ಮಾ, ಓಡಿ ಬಾರೋ!"

ಹಮ್ಮಣ್ಣ ಕೋಲು ಹಿಡಿದು ಓಡಿ ಬಂದ. ನೋಡಿದರೆ ಭಾವ. ಭಾವನ ಹೆಗಲ ಮೇಲೆ ತನ್ನ ಅವ್ವ. ಅವ್ವನ ಕೈಯಲ್ಲಿ ಒದ್ದೆ ಪಂಚೆ.

"ನಮ್ಮ ಅವ್ವನನ್ನು ಇಳಿಸೋ ಮೊದಲು!"

ಅಂಗಳದಲ್ಲಿ ಇಳಿಸಿದ. ದುರ್ಗಿ ಬಾಗಿಲಿಗೆ ಬಂದಳು. ಸೆರಗು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ, ಸೆರಗಿಗೆ ಗೊತ್ತು.

"ಒಬ್ಬರೇ ಬಂದಿರಾ?"

"ಹೂಂ."

"ಇವನ ಸಂಗಡ ಕಳಿಸೋದಾ?" ಅಂದ ಹಮ್ಮಣ್ಣ. "ಅವ್ವಾ, ನೀನೇ ಹೇಳು."

ಅತ್ತೆ ಸೀರೆ ಸರಿ ಮಾಡಿಕೊಂಡಳು. ಮೊಣಕಾಲು ಒತ್ತಿಕೊಂಡಳು. "ಈ ಕಾಲು ನೋವಲ್ಲಿ ದಿನಾ ದಿಬ್ಬ ಹತ್ತುತ್ತೇನೆ. ನನ್ನನ್ನು ಹೊತ್ತು ತಂದವನು ಇವನೊಬ್ಬ. ನೀನು ಯಾವತ್ತು ಹೊತ್ತಿದ್ದೀಯೋ?"

ಹಮ್ಮಣ್ಣ ಕೋಲು ಕೆಳಗಿಟ್ಟ. ಆದರೂ ತಂಗಿಗೆ ಹೇಳಿದ, "ಹೋಗು. ದಾರಿಯಲ್ಲಿ ಒಂದೇ ಒಂದು ಎಡವಟ್ಟು ಮಾಡಿದರೂ ತಿರುಗಿ ಬಾ. ನೀನು ಮುಟ್ಟಿದ ಮಾರನೇ ದಿನ ತಾಂಡೇಲರು ಮನೆಗೇ ಬಂದು ನಿನ್ನನ್ನು ಕೇಳ್ತಾರೆ. ನಾನು ಹೇಳಿರ್ತೇನೆ."

"ಆಯ್ತು," ಅಂದಳು ದುರ್ಗಿ. ಮಾರನೇ ದಿನ ಭರತ ಮುಗಿದಾಗ ತಾಮ್ರದ ಕೊಡ ಎತ್ತಿಕೊಂಡಳು.

ಅತ್ತೆ ಅಳಿಯನ ಹತ್ತಿರ ಬಂದಳು. "ಅಳಿಯಂದಿರೇ, ಹೆಂಗಸರನ್ನು ಹೊರಬೇಡಿ, ಮಂದಿ ನಗ್ತಾರೆ. ದೊಡ್ಡವರು ಹೇಳಿದ ಕೆಲಸ ಅವರು ಸಾಕು ಅನ್ನೋ ತನಕ ಮಾಡಿ. ತಿಳೀತಾ?"

"ತಿಳೀತು."

ಹೊಳೆ ಇಳಿಯಿತು. ದೋಣಿ ಇಳಿಯಿತು. ಹುಟ್ಟು ಹಾಕುವ ಕೆಲಸವೂ ಇಲ್ಲ. ಜಟ್ಟು ನಡುವೆ ಕೂತ. ದುರ್ಗಿ ಪಕ್ಕ ಕೂತಳು. ನಡುವೆ ಕೊಡ.

"ಅವತ್ತು ಕೊಡ ಹಿಡಿದಿದ್ದಿರಿ," ಅಂದಳು ದುರ್ಗಿ. "ಯಾಕೆ ಬಿಟ್ಟಿರಿ?"

"ಅವ್ವ ಬಿಡು ಅಂದಳು."

"ನಾನು ಹಿಡೀರಿ ಅಂದಿದ್ದರೆ?"

"ಹಿಡೀತಿದ್ದೆ."

"ಎಷ್ಟು ಹೊತ್ತು?"

"ಬಿಡು ಅನ್ನೋ ತನಕ."

ದುರ್ಗಿ ನೀರು ನೋಡಿದಳು. ಉಪ್ಪಿನಕೇರಿ ಬರುವ ತನಕ ನೀರನ್ನೇ ನೋಡಿದಳು.

ಧಕ್ಕೆಯಲ್ಲಿ ದೋಣಿ ಕಟ್ಟುವ ಗೂಟ ಮುರಿದಿತ್ತು. ತಾಂಡೇಲರು ಹಗ್ಗದ ತುದಿ ಜಟ್ಟುವಿಗೆ ಎಸೆದರು. "ಹಿಡಕೋ! ನಾನು ಹೇಳೋ ತನಕ ಬಿಡಬೇಡ!"

ಜಟ್ಟು ಹಿಡಿದ. ಮಂದಿ ಇಳಿದರು. ದುರ್ಗಿ ಇಳಿದಳು. ತಾಂಡೇಲರಿಗೆ ಕೆಳಗಿನ ಧಕ್ಕೆಯಲ್ಲಿ ಹೆಂಚು ಇಳಿಸುವ ಅವಸರ. ಉಪ್ಪಿನಕೇರಿಯ ಹಗ್ಗವನ್ನು ಅವರು ಉಪ್ಪಿನಕೇರಿಯ ಧಕ್ಕೆಯಲ್ಲೇ ಬಿಟ್ಟು ಹೋಗುವುದು ರೂಢಿ. ದೋಣಿಯ ಮೂತಿಯಿಂದ ಹಗ್ಗ ಕಳಚಿ ನೀರಿಗೆ ಬಿಟ್ಟರು. ದೋಣಿ ಹೋಯಿತು. ಜಟ್ಟುವನ್ನು ಮರೆತೇ ಬಿಟ್ಟರು.

ಜಟ್ಟು ನಿಂತಿದ್ದ. ಈ ತುದಿ ಕೈಯಲ್ಲಿ. ಆ ತುದಿ ನೀರಿನಲ್ಲಿ.

"ಬನ್ನಿ, ಮನೆಗೆ ಹೋಗೋಣ," ಅಂದಳು ದುರ್ಗಿ.

"ತಾಂಡೇಲರು ಬಿಡು ಅಂದಿಲ್ಲ."

"ದೋಣಿ ಹೋಯ್ತಲ್ಲ!"

"ಹೂಂ, ಹೋಯ್ತು. ಬಿಡು ಅಂದಿಲ್ಲ."

ಅಷ್ಟರಲ್ಲಿ ಬೊಮ್ಮಕ್ಕ ಬಂದಳು. ಸೊಸೆಯನ್ನು ಕಂಡಳು, ಕೊಡ ಕಂಡಳು, ಮುಖ ಅರಳಿತು. ಮಗನನ್ನು ಕಂಡಳು, ಹಗ್ಗ ಕಂಡಳು, ಹಣೆ ಹಣೆ ಬಡಿದುಕೊಂಡಳು.

"ದೋಣಿ ಇಲ್ಲದ ಹಗ್ಗ ಹಿಡಿದು ನಿಂತಿದ್ದೀಯಲ್ಲೋ! ಬಂದವಳು ಏನು ತಿಳೀಬೇಕೋ! ಬಿ..."

"ಅತ್ತೇ!" ಅಂದಳು ದುರ್ಗಿ. "ಆ ಮಾತು ಹೇಳಬೇಡಿ."

ಬೊಮ್ಮಕ್ಕ ಬಾಯಿ ಮುಚ್ಚಿದಳು. ಅವಳಿಗೂ ಅವತ್ತಿನ ದಿನ ನೆನಪಾಯಿತು.

ದುರ್ಗಿ ಗಂಡನ ಎದುರು ಬಂದು ನಿಂತಳು. "ಹಗ್ಗ ಬಿಡಬೇಡ ಅಂದರು. ಮನೆಗೆ ಹೋಗಬೇಡ ಅಂದರಾ?"

ಜಟ್ಟು ಯೋಚನೆ ಮಾಡಿದ. "ಇಲ್ಲ."

"ಹಾಗಾದರೆ ಹಗ್ಗ ಹಿಡಕೊಂಡೇ ಬನ್ನಿ."

ಜಟ್ಟು ಹಗ್ಗ ಹಿಡಿದುಕೊಂಡೇ ನಡೆದ. ಒದ್ದೆ ಹಗ್ಗ ಬೀದಿ ತುಂಬ ಎಳೆದುಕೊಂಡು ಬಂತು. ನಾಯಿಗಳು ಹಿಂದೆ ಬಂದವು. ಹಗ್ಗ ಹಿಡಿದುಕೊಂಡೇ ಉಂಡ. ಹಗ್ಗ ಹಿಡಿದುಕೊಂಡೇ ಮಲಗಿದ.

ಬೊಮ್ಮಕ್ಕನಿಗೆ ನಿದ್ದೆ ಇಲ್ಲ. ಬೆಳಿಗ್ಗೆ ತಾಂಡೇಲರು ಬರ್ತಾರೆ. ಬಂದು ಕೇಳ್ತಾರೆ. ಎಡವಟ್ಟು ಆಗಿದೆ. ಇವಳು ಹೋಗ್ತಾಳೆ.

ಬೆಳಗಾಯಿತು. ದುರ್ಗಿ ಕೊಡ ಹಿಡಿದು ಅಂಗಳದ ಬಾವಿಗೆ ಹೋದಳು. ಬಾವಿಯ ಹಗ್ಗ ಕೊಳೆತು ಹೋಗಿತ್ತು. ಹೇಗೂ ಗಂಡನ ಕೈಯಲ್ಲಿ ಹಗ್ಗ ಇದೆಯಲ್ಲ. ಇನ್ನೊಂದು ತುದಿಗೆ ಕೊಡ ಕಟ್ಟಿ ಇಳಿಸಿದಳು. ಕೊಡ ತುಂಬಿತು. ಜಟ್ಟು ಎಳೆಯತೊಡಗಿದ.

ಪುರ್ಸು ತಾಂಡೇಲರು ಹಗ್ಗ ಹುಡುಕುತ್ತಾ ಅಂಗಳಕ್ಕೆ ಬಂದರು.

"ತಂಗೀ, ಭರತ ಬಂತು. ದೋಣಿ ಮೇಲೆ ಹೊರಟಿದೆ. ನಿನ್ನ ಅಣ್ಣ ಕೇಳಿ ಬಾ ಅಂದಿದ್ದಾನೆ. ಬರ್ತೀಯಾ?"

ಬೊಮ್ಮಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ದುರ್ಗಿ ಬಾಯಿ ತೆರೆದಳು. ಅಷ್ಟರಲ್ಲಿ ತಾಂಡೇಲರು ಜಟ್ಟುವನ್ನು ಕಂಡರು.

"ಅಯ್ಯೋ ಮಾರಾಯ! ನಿನ್ನೆಯಿಂದ ಹಿಡಿದೇ ಇದ್ದೀಯನೋ? ಸಾಕು, ಬಿಡೋ!"

ಜಟ್ಟು ಬಿಟ್ಟ.

ಸರ್ರಂತ ಹಗ್ಗ ಹೋಯಿತು. ಗುಡುಂ ಅಂತ ಕೊಡ ಹೋಯಿತು.

"ನನ್ನ ಹಗ್ಗ!" ಅಂದರು ತಾಂಡೇಲರು.

"ತವರಿನ ಕೊಡ!" ಅಂದಳು ಬೊಮ್ಮಕ್ಕ.

"ಬಿಡು ಅಂದರು," ಅಂದ ಜಟ್ಟು.

ದುರ್ಗಿ ಬಾವಿಕಟ್ಟೆಗೆ ಬಗ್ಗಿ ನೋಡಿದಳು. ನೀರು ಅಲ್ಲಾಡಿತು. ಆಮೇಲೆ ಸುಮ್ಮನಾಯಿತು. ಕೊಡ ಕಾಣಲಿಲ್ಲ.

"ತಾಂಡೇಲರೇ," ಅಂದಳು, "ಅಣ್ಣನಿಗೆ ಹೇಳಿ. ನನ್ನ ಕೊಡ ಈ ಮನೆಯ ಬಾವಿಯಲ್ಲಿದೆ. ಕೊಡ ಬಿಟ್ಟು ಹೇಗೆ ಬರಲಿ? ನಿಮ್ಮ ಹಗ್ಗಕ್ಕೆ ಬದಲು ನಾವೇ ಹೊಸ ಹಗ್ಗ ಹೊಸೆದು ಕೊಡ್ತೇವೆ."

ತಾಂಡೇಲರು ತಲೆ ಕೆರೆದುಕೊಂಡು ಹೋದರು.

ಜಟ್ಟು ಬಾವಿ ಹತ್ತಿರ ಬಂದ. "ಇಳಿದು ತೆಗೀಲಾ?"

"ಬೇಡ," ಅಂದಳು ದುರ್ಗಿ. "ನಾನು ಹೇಳೋ ತನಕ ತೆಗೀಬೇಡಿ. ತಿಳೀತಾ?"

"ತಿಳೀತು."

ಇಬ್ಬರಿಗೂ ತಲೆ ಹಣ್ಣಾಯಿತು. ಕೊಡ ಇನ್ನೂ ಬಾವಿಯಲ್ಲೇ ಇದೆ. ಅವಳು ಹೇಳಲಿಲ್ಲ. ಅವನು ತೆಗೆಯಲಿಲ್ಲ.