ಗುರುಪಾದ ಫ್ರಾನ್ಸಿನ ವೈನು ಸೀಮೆ ಕಂಡು ಬಂದದ್ದು

ಎಸ್‌ಟಿಡಿ ಬೂತುಗಳಿದ್ದ ಕಾಲದ ಮಾತು. ಒಬ್ಬರ ಮನೆಯ ಗುಟ್ಟು ಊರಿಗೆಲ್ಲ ಒಟ್ಟಿಗೇ ಗೊತ್ತಾಗುತ್ತಿದ್ದ ಒಳ್ಳೆಯ ಕಾಲ. ವಿಜಾಪುರದ ಕಡೆಯ ಒಂದು ಊರಲ್ಲಿ ನಿಂಬೆವ್ವ ಎಂಬ ತಾಯಿ, ಆಕೆಗೆ ಗುರುಪಾದ ಎಂಬ ಒಬ್ಬನೇ ಮಗ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನಷ್ಟೇ ಮಾಡುತ್ತಿದ್ದ. ಅವನಿಗಿದ್ದ ರೋಗ ಅದೊಂದೇ.

ದ್ರಾಕ್ಷಿ ಒಣಹಾಕಿದ ಶೆಡ್ಡಿಗೆ ನಾಯಿ ಬರದ ಹಾಗೆ ನೋಡಿಕೋ ಎಂದು ಕೂರಿಸಿ ಹೋದರೆ, ಆಡುಗಳು ಬಂದು ಎಲ್ಲ ತಿಂದು ಹೋದವು.

“ಎಲ್ಲೋ ದ್ರಾಕ್ಷಿ?”

“ಆಡು ತಿಂದವು. ನಾಯಿ ಒಂದೂ ಬಂದಿಲ್ಲವ್ವ.”

ನಿಂಬೆವ್ವ ಹಣೆ ಬಡಿದುಕೊಂಡಳು. ಇವನಪ್ಪನೂ ಹೀಗೇ ಇದ್ದ. ಸಂತೆಯಲ್ಲಿ ಇಲ್ಲೇ ನಿಂತಿರು ಅಂದರೆ, ಸಂತೆ ಎದ್ದು ಹೋದರೂ ನಿಂತಿರುತ್ತಿದ್ದ. ಈಗ ಅವನಿಲ್ಲ. ನೆನೆದರೆ ಆಕೆಗೆ ನಗುವೂ ಬರುತ್ತಿತ್ತು, ಕಣ್ಣೂ ತುಂಬುತ್ತಿತ್ತು. ಆಕೆಗೆ ಬೇಕಾಗಿದ್ದು ಒಂದೇ: ಮಗನಿಗೆ ಒಬ್ಬ ಜಾಣೆ ಹೆಂಡತಿ. ಇಲ್ಲದಿದ್ದರೆ ತನ್ನ ಹಿಂದೆ ಇವನಿಗೆ ಹೇಳುವವರು ಯಾರು?

ಜಾಣೆ ಇದ್ದಳು. ಪಕ್ಕದೂರಿನ ರೇವಣಗೌಡರ ಮಗಳು ಶಶಿಕಲಾ. ಗೌಡರು ಆ ವರ್ಷ ದ್ರಾಕ್ಷಿ ಬೆಳೆಗಾರರ ಗುಂಪು ಕಟ್ಟಿಕೊಂಡು ಫ್ರಾನ್ಸಿನ ವೈನು ಸೀಮೆ ನೋಡಲು ಹೊರಟಿದ್ದರು. ನಮ್ಮವರಿಗೆ ದ್ರಾಕ್ಷಿ ಒಣಗಿಸಲು ಬರುತ್ತಿತ್ತು, ಹುಳಿಹಿಡಿಸಿ ವೈನು ಮಾಡಲು ಬರುತ್ತಿರಲಿಲ್ಲ. ಅದಕ್ಕೂ ವಿಮಾನ ಹತ್ತಬೇಕಾಯಿತು.

“ಹುಡುಗನ್ನ ನನ್ನ ಜೋಡಿ ಕಳಸು, ನಿಂಬೆವ್ವ,” ಅಂದರು ಗೌಡರು. “ಹೆಂಗ ಅದಾನ ನೋಡ್ತೀನಿ. ಸರಿ ಕಂಡರ ಶಶಿಕಲಾನ ಮಾತು ಮುಗಿಸೋಣು.”

ಹೊರಡುವಾಗ ತಾಯಿ ಹೇಳಿದಳು: “ಹೋದಲ್ಲಿ ಮೈಗಳ್ಳನಾಗಿ ನಿಲ್ಲಬ್ಯಾಡ. ಬೂಜು ಹಿಡಿದ ಹಣ್ಣು ಕಂಡರ ಆರಿಸಿ ಒಗಿ. ಗೌಡರು ಮೆಚ್ಚಬೇಕು.”

“ಹೂನವ್ವ.”

ಮೊದಲು ಬೋರ್ಡೋ ಹತ್ತಿರದ ಸೊತೆರ್ನ್ ಎಂಬ ಊರು. ಅಲ್ಲಿ ದ್ರಾಕ್ಷಿಗೆ ಬೂಜು ಹಿಡಿಯಲಿ ಎಂದೇ ಕಾಯುತ್ತಾರೆ. ಬೂಜಿನ ಹಣ್ಣಿನಿಂದಲೇ ಜೇನಿನಂಥ ವೈನು ಮಾಡುತ್ತಾರೆ. ಉಳಿದವರು ಒಳಗೆ ಭಾಷಣ ಕೇಳಿ ಬರುವಷ್ಟರಲ್ಲಿ ಗುರುಪಾದ ಎರಡು ಸಾಲು ಚೊಕ್ಕ ಮಾಡಿದ್ದ. ಬೂಜಿನ ಹಣ್ಣೆಲ್ಲ ಕಾಲುವೆಯಲ್ಲಿ. ತೋಟದ ಯಜಮಾನ ತಲೆ ಹಿಡಿದುಕೊಂಡು ನೆಲದ ಮೇಲೆ.

ಸಂಜೆ ಬೂತಿನ ದಸ್ತಗೀರ ನಿಂಬೆವ್ವನನ್ನು ಕರೆಸಿದ. ಮಗನ ಫೋನು.

“ಬುದ್ಧಿಗೇಡಿ, ಅವರ ಮನಿ, ಅವರ ರೀತಿ. ನೀ ಯಾವ ಕೆಲಸಾನೂ ಮಾಡಬ್ಯಾಡ. ಕೈಗೆ ಕೊಟ್ಟಿದ್ದನ್ನ ಬ್ಯಾಡ ಅನ್ನದಂಗ ಕುಡಿ, ಸಾಕು.”

“ಹೂನವ್ವ.”

ದಸ್ತಗೀರ ತಲೆಯಾಡಿಸಿದ. “ಮಗನಿಗೆ ಕುಡಿ ಅಂತ ಹೇಳಿದ ತಾಯಿ ಈ ಊರಾಗ ನೀನ ಮೊದಲು, ನಿಂಬೆವ್ವ.”

ಮುಂದೆ ಬರ್ಗಂಡಿ. ಅಲ್ಲಿ ರುಚಿ ನೋಡುವವರು ಒಂದು ಗುಟುಕು ಬಾಯಿಗೆ ಹಾಕಿ, ಮುಕ್ಕಳಿಸಿ, ಬಕೀಟಿಗೆ ಉಗುಳುತ್ತಾರೆ. ಅದೊಂದು ದೊಡ್ಡ ವಿದ್ಯೆಯಂತೆ. ಎಲ್ಲರೂ ಉಗುಳಿದ ಬಕೀಟು ಕೈದಾಟಿ ಗುರುಪಾದನ ಕೈಗೆ ಬಂತು. ಕೊಟ್ಟಿದ್ದನ್ನು ಬೇಡ ಅನ್ನುವಂತಿಲ್ಲ. ಎತ್ತಿ ಕುಡಿದ. ಗೌಡರು ಗೋಡೆ ಹಿಡಿದುಕೊಂಡು ನಿಂತರು.

“ಮಂದಿ ಎಂಜಲು ಕುಡದಿಯೇನೋ?” ಅಂದಳು ನಿಂಬೆವ್ವ ಫೋನಿನಲ್ಲಿ.

“ಕೈಗೆ ಕೊಟ್ಟರವ್ವ.”

“ಹೆಂಗಿತ್ತು ಕೇಳು,” ಅಂದ ದಸ್ತಗೀರ ಹಿಂದಿನಿಂದ.

“ಎಲ್ಲಾ ಥರದ್ದೂ ಇತ್ತು,” ಅಂದ ಗುರುಪಾದ.

ನಿಂಬೆವ್ವನಿಗೆ ಬೂತಿನ ಬಾಗಿಲಲ್ಲಿ ನಿಂತವರ ಮುಖ ನೋಡಲಾಗಲಿಲ್ಲ. “ಇನ್ನ ಮ್ಯಾಲ ಬಾಯಿಗೆ ಹಾಕಿದ್ದನ್ನ ಉಗುಳು. ತಿಳೀತಿಲ್ಲೊ?”

“ಹೂನವ್ವ.”

ಶಾಬ್ಲಿ ಎಂಬಲ್ಲಿ ಒಬ್ಬ ಅಜ್ಜಿ ಇವರಿಗೆಂದು ತಾನೇ ರೊಟ್ಟಿ ಸುಟ್ಟು ಬಡಿಸಿದಳು. ಗುರುಪಾದ ಒಂದೊಂದು ತುತ್ತನ್ನೂ ನಿಧಾನವಾಗಿ ಅಗಿದು, ಪಕ್ಕದ ಹೂಕುಂಡಕ್ಕೆ ಉಗುಳಿದ. ಅಜ್ಜಿ ಒಳಗೆ ಹೋಗಿ ಅತ್ತಳು.

“ಅಯ್ಯೋ ಪಾಪಿ,” ಅಂದಳು ನಿಂಬೆವ್ವ ಸಂಜೆಯ ಫೋನಿನಲ್ಲಿ. “ಮಂದಿ ಪ್ರೀತಿಲೆ ತೋರಿಸಿದ್ದಕ್ಕ ಬಾಯಿ ತುಂಬ ಹೊಗಳಬೇಕು. ‘ಭಾಳ ಚಲೋ ಆಗೇದ, ವರ್ಷಾ ಹಿಂಗ ಆಗಲಿ’ ಅನ್ನಬೇಕು.”

“ಹೂನವ್ವ.”

ಮರುದಿನ ಅಜ್ಜಿಯ ನೆರೆಯವನು ತನ್ನ ತೋಟ ತೋರಿಸಿದ. ಬೇಸಗೆಯಲ್ಲಿ ಬಿದ್ದ ಆಲಿಕಲ್ಲಿಗೆ ಒಂದು ಗೊನೆಯೂ ಉಳಿದಿರಲಿಲ್ಲ. ಎಲ್ಲರೂ ಟೋಪಿ ತೆಗೆದು ನಿಂತರು. ಗುರುಪಾದ ಮುಂದೆ ಹೋಗಿ ಅವನ ಕೈ ಕುಲುಕಿದ. “ಭಾಳ ಚಲೋ ಆಗೇದ. ವರ್ಷಾ ಹಿಂಗ ಆಗಲಿ.” ದುಭಾಷಿ ಪ್ರಾಮಾಣಿಕ ಮನುಷ್ಯ, ಇದ್ದದ್ದನ್ನು ಇದ್ದ ಹಾಗೇ ಹೇಳಿದ.

ಈ ಸಲ ನಿಂಬೆವ್ವ ಬೈಯಲಿಲ್ಲ. ದನಿಯೇ ಇಳಿದುಹೋಗಿತ್ತು.

“ಗುರುಪಾದ, ಕಳಕೊಂಡವರ ಮುಂದ ಮಾತು ಆಡಬಾರದಪ್ಪ. ಬಾಜೂಕ ಹೋಗಿ ಸುಮ್ಮನ ಕೂಡಬೇಕು. ಅವರು ಏಳೋತನಕ ಏಳಬಾರದು. ನಿಮ್ಮಪ್ಪ ಹೋದಾಗ ಮಂದಿ ಬಂದು ನನ್ನ ಬಾಜೂಕ ಹಂಗ ಕೂತಿದ್ದರು. ಯಾರೇನು ಅಂದರು ಅನ್ನೂದು ಒಂದೂ ನೆನಪಿಲ್ಲ. ಕೂತದ್ದು ನೆನಪೈತಿ.”

“ಹೂನವ್ವ.”

ಮತ್ತೆ ಫೋನು ಬರಲಿಲ್ಲ. ನಿಂಬೆವ್ವ ದಿನಾ ಸಂಜೆ ಬೂತಿನ ಕಟ್ಟೆಯ ಮೇಲೆ ಕೂತು ಎದ್ದು ಬಂದಳು. ಸಂಬಂಧ ಹೋಯಿತೆಂದು ಆಕೆಗೆ ಖಾತ್ರಿಯಾಯಿತು. ಗೌಡರು ಊರಿಗೆ ಬಂದವರೇ ಮನೆ ಬಾಗಿಲಿಗೆ ಬಂದಾಗ, ಚಹಾ ಮಾಡಿ ತಂದುಕೊಟ್ಟಳು.

“ಕೊನೀಗೆ ಶಾಂಪೇನ್ ಅನ್ನೋ ಸೀಮೆಗೆ ಹೋಗಿದ್ದಿವಿ,” ಅಂದರು ಗೌಡರು. “ಅಲ್ಲಿರುವಾಗ ನನ್ನ ತೋಟಕ್ಕ ಅಕಾಲ ಮಳಿ ಬಿದ್ದು ಹೂವೆಲ್ಲ ಉದುರಿದ ಸುದ್ದಿ ಬಂತು. ಒಂದು ಮೆಟ್ಟಲ ಮ್ಯಾಲೆ ಕುಂತುಬಿಟ್ಟೆ. ಜೋಡಿ ಬಂದವರು ಒಬ್ಬೊಬ್ಬರ ಬಂದು ವಿಮಾ ಅಂದರು, ಸಬ್ಸಿಡಿ ಅಂದರು, ದೇವರು ಅಂದರು. ಆಮ್ಯಾಲ ಉಣ್ಣಾಕ ಹೋದರು. ನಿನ್ನ ಮಗ ಬಾಜೂಕ ಬಂದು ಕೂತ. ಒಂದು ಮಾತಿಲ್ಲ. ನಾ ಏಳೋತನಕ ಏಳಲಿಲ್ಲ.” ಚಹಾ ಮುಗಿಸಿದರು. “ಉಗುಳೂದು, ಕುಡಿಯೂದು ಕಲಿಸಬಹುದು, ನಿಂಬೆವ್ವ. ಇದು ಕಲಿಸಾಕ ಬರೂದಿಲ್ಲ.”

ಕಲಿಸಿದವಳು ತಲೆ ತಗ್ಗಿಸಿ ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ಮದುವೆ ಗೌಡರ ಮನೆಯಲ್ಲಾಯಿತು. ನಿಂಬೆವ್ವ ಮದುಮಕ್ಕಳನ್ನು ಮನೆ ತುಂಬಿಸಿಕೊಳ್ಳಲು ಮೊದಲೇ ಬಂದು, ಹೊಸ್ತಿಲಲ್ಲಿ ಆರತಿ ತಟ್ಟೆ ಹಿಡಿದು ಕಾದಳು. ಟೆಂಪೊ ಬಂತು. ಶಶಿಕಲಾ ಇಳಿದಳು, ಪೆಟ್ಟಿಗೆ ಇಳಿಯಿತು, ವಾಲಗದವರು ಇಳಿದರು. ಮದುಮಗ ಇಳಿಯಲಿಲ್ಲ.

“ಎಲ್ಲಿ ಅವ?”

“ನಮ್ಮಪ್ಪನ ಬಾಜೂಕ ಕೂತಾರ,” ಅಂದಳು ಶಶಿಕಲಾ. “ನಾ ಹೊರಡುವಾಗ ಅಪ್ಪ ಅಳಕೋತ ಕಟ್ಟಿ ಮ್ಯಾಲೆ ಕುಂತ. ‘ಮಗಳನ್ನ ಕಳಕೊಂಡಾರ, ಅವರು ಎದ್ದ ಮ್ಯಾಲ ಬರ್ತೀನಿ, ನೀ ನಡಿ’ ಅಂದರು.”

“ಹಂಗಾದರ ಗೌಡರಿಗೆ ಏಳಾಕ ಏನಾಗೇತಿ?”

“ಹೊಸಾ ಅಳಿಯ ಕೂತಿರುವಾಗ ಮಾವ ಎದ್ದು ಹೋಗೂದು ಮರ್ಯಾದಿ ಅಲ್ಲಂತ, ಅತ್ತಿ. ಅವರು ಏಳಲಿ ಅಂತ ಇವರು, ಇವರು ಏಳಲಿ ಅಂತ ಅವರು. ನಾ ಇಬ್ಬರಿಗೂ ಒಂದೊಂದು ದಿಂಬು ಕೊಟ್ಟು ಬಂದೀನಿ.”