ರಾಣಿಯ ಫ್ರೆಂಚ್ ಪದ

ಆ ಬೆಳಿಗ್ಗೆಯೂ ಬೊಮ್ಮ ಎಂದಿನಂತೆ ಕುದುರೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಲಾಳ ಬಡಿಯುತ್ತಿದ್ದ. ಬೀದಿಯಲ್ಲಿ ಡಂಗುರ ಕೇಳಿಸಿತು.

"ಕೇಳ್ರಪ್ಪೋ ಕೇಳಿ! ನಮ್ಮ ರಾಣಿ ಚನ್ನಾಜಿಯವರು ಫ್ರೆಂಚ್ ಗುರುಗಳಿಂದ ಒಂದು ಪದ ಕಲಿತಿದ್ದಾರೆ: ತ್ಯುತ್ವಯೇ. ಅದೊಂದು ಕೆಲಸದ ಹೆಸರು. ಮೂರು ಒಗಟು ಕೇಳುತ್ತಾರೆ. ಯಾವ ಕೆಲಸವೆಂದು ಹೇಳಿದವನನ್ನು ವರಿಸುತ್ತಾರೆ. ತಪ್ಪಿದವನ ತಲೆ ಹೋಗುತ್ತದೆ!"

"ನಾನೂ ಹೋಗಲೇ?" ಎಂದ ಬೊಮ್ಮ.

"ನೀನಾ? ಸುಮ್ಮನೆ ಲಾಳ ಬಡಿಯೋ!" ಎಂದು ಡಂಗುರದವನು ನಕ್ಕ.

ಬೊಮ್ಮ ಕೈ ತೊಳೆದುಕೊಂಡು ಹೊರಟ.

ಚನ್ನಾಜಿ ತಂದೆತಾಯಿಯನ್ನು ಕಳೆದುಕೊಂಡು ಪಟ್ಟಕ್ಕೆ ಬಂದು ಮೂರು ವರ್ಷವಾಗಿತ್ತು. ಸಭೆಯಲ್ಲಿ ಅವಳು ನಿಧಾನವಾಗಿ ಒಗಟು ಹೇಳಿದಳು. "ತಾಯಿಗೆ ಅದನ್ನು ಮಾಡುತ್ತೇವೆ, ದೇವರಿಗೂ ಮಾಡುತ್ತೇವೆ, ಅರಸರಿಗೆ ಮಾಡಿದರೆ ಅಪರಾಧ. ಅದು ಮೊದಲನೆಯದು. ಗೆಳೆಯ ಮಾಡಿದರೆ ಸಲುಗೆ, ಗುರುತಿಲ್ಲದವನು ಮಾಡಿದರೆ ಜಗಳ. ಅದು ಎರಡನೆಯದು. ಈ ಊರಿನಲ್ಲಿ ಅದು ಎಲ್ಲರಿಗೂ ಸಿಗುತ್ತದೆ, ಒಬ್ಬರಿಗೆ ಮಾತ್ರ ಮೂರು ವರ್ಷದಿಂದ ಸಿಕ್ಕಿಲ್ಲ. ಅದು ಮೂರನೆಯದು."

"ಅಪ್ಪಿಕೊಳ್ಳುವುದು!" ಎಂದ ನೆರೆನಾಡಿನ ಯುವರಾಜ.

"ದೇವರನ್ನು ಯಾವಾಗ ಅಪ್ಪಿಕೊಂಡಿರಿ?"

"ಹೆಸರು ಹಿಡಿದು ಕರೆಯುವುದು," ಎಂದ ಮಂತ್ರಿಯ ಮಗ.

"ನಿನ್ನ ತಾಯಿಯನ್ನು ಹಾಗೆ ಕರೆಯುತ್ತೀಯಾ?"

ಇಬ್ಬರನ್ನೂ ಸೆರೆಗೆ ಕರೆದೊಯ್ದರು. ಮರುದಿನ ಅವರ ತಲೆ ಹೋಗಬೇಕು.

ಬೊಮ್ಮ ಮುಂದೆ ಬಂದ. ರಾಣಿಯ ಮುಖವನ್ನು ನೆಟ್ಟಗೆ ನೋಡಿದ.

"ಚನ್ನಾಜಿ, ನೀನು ತುಂಬಾ ಸೊರಗಿದ್ದೀಯ."

ಕಾವಲಿನವರ ಕತ್ತಿಗಳು ಹೊರಬಂದವು. ರಾಣಿ ಕೈಯೆತ್ತಿ ತಡೆದಳು. ಅವಳ ಕಣ್ಣು ತುಂಬಿತ್ತು.

"ಬಿಡಿಸಿ ಹೇಳು."

"ಒಬ್ಬರನ್ನು 'ನೀನು' ಎಂದು ಮಾತಾಡಿಸುವುದೇ ಆ ಕೆಲಸ. ತಾಯಿಗೂ ದೇವರಿಗೂ ಹಾಗೇ ಅನ್ನುತ್ತೇವೆ, ಅರಸರಿಗೆ ಅನ್ನುವಂತಿಲ್ಲ. ಗೆಳೆಯ ಅಂದರೆ ಹಿತ, ಗುರುತಿಲ್ಲದವನು ಅಂದರೆ ಉರಿ. ಹೆತ್ತವರು ಹೋದ ಮೇಲೆ ಅದು ಸಿಗದವರು ತಾವು."

"ಯುವರಾಜನಿಗೂ ಮಂತ್ರಿಯ ಮಗನಿಗೂ ಹೊಳೆಯದ್ದು ನಿನಗೆ ಹೇಗೆ ಹೊಳೆಯಿತು?"

ಬೊಮ್ಮ ತಲೆ ತಗ್ಗಿಸಲಿಲ್ಲ. "ಹುಟ್ಟಿದಂದಿನಿಂದ ಊರೆಲ್ಲ ನನಗೆ ಹಾಗೇ ಅಂದಿದೆ. ಅದರಲ್ಲಿ ಯಾವುದು ಪ್ರೀತಿ, ಯಾವುದು ತಾತ್ಸಾರ ಎಂದು ನನ್ನಷ್ಟು ಬಲ್ಲವರು ಈ ಸಭೆಯಲ್ಲಿಲ್ಲ."

ರಾಣಿ ಸಿಂಹಾಸನದಿಂದ ಎದ್ದಳು. "ಏನು ಬೇಕು, ಕೇಳಿ," ಎಂದಳು. ಆಸ್ಥಾನವೆಲ್ಲ ಎದ್ದು ನಿಂತಿತು.

"ಸೆರೆಯಲ್ಲಿರುವ ಇಬ್ಬರನ್ನೂ ಬಿಡಿ," ಎಂದ ಬೊಮ್ಮ.

ಅವರನ್ನು ಬಿಟ್ಟರು. ತಿಂಗಳೊಳಗೆ ಮದುವೆಯಾಯಿತು.

ಮದುವೆಯ ದಿನ ಬೊಮ್ಮನ ತಾಯಿ ರಾಣಿಯ ಪಕ್ಕ ಕುಳಿತು, "ಬೆಳಿಗ್ಗೆಯಿಂದ ಏನಾದರೂ ತಿಂದೆಯೇನೇ?" ಎಂದು ಕೇಳಿದಳು.